ಅಳತೆಗೆ ಇಟ್ಟ ಜಂಪರು

ನಮ್ಮ ಮನೆಯ ಕಪಾಟಿನ ಮೂರನೆಯ ಅರೆಯಲ್ಲಿ, ಎಡ ಮೂಲೆಗೆ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟ ಒಂದು ಜಂಪರು ಇದೆ. ಆಚೆ ಕಡೆಯವರು ರವಿಕೆ, ಬ್ಲೌಸು ಎನ್ನುವುದಕ್ಕೆ ನಾವು ಕಲಬುರಗಿಯವರು ಜಂಪರು ಎನ್ನುತ್ತೇವೆ. ಈ ಜಂಪರಿಗೆ ನಾನು ಬಿಳಿಯ ಪಟ್ಟಿ ಹಚ್ಚಿ ಅದರ ಮೇಲೆ ಕಪ್ಪು ದಾರದಲ್ಲಿ ಹೊಲಿದಿದ್ದೇನೆ: 'ಅಳತೆ. ಹಾಕಿಕೊಳ್ಳತಕ್ಕದ್ದಲ್ಲ.' ಮನೆಯಲ್ಲಿ ಇರುವವರು ನಾನು ಮತ್ತು ನಮ್ಮ ಯಜಮಾನರು, ಇಬ್ಬರೇ. ಹಾಗಿದ್ದಮೇಲೆ ಈ ಎಚ್ಚರಿಕೆ ಯಾರಿಗೆ ಎಂದು ಅವರು ಒಮ್ಮೆ ಕೇಳಿದ್ದರು. ನಿಯಮ ಬರೆದಿಟ್ಟಿರಬೇಕು, ಮುರಿಯುವವರು ಇರಲಿ ಬಿಡಲಿ.

ಅಳತೆ ಜಂಪರಿನ ಪದ್ಧತಿ ನಿಮಗೂ ಗೊತ್ತಿರಬಹುದು. ಮೈಗೆ ಒಪ್ಪಾಗಿ ಕೂತ ಒಂದನ್ನು ಬದಿಗೆ ತೆಗೆದಿಡುವುದು. ಹೊಸದು ಹೊಲಿಸುವಾಗಲೆಲ್ಲ ಬಟ್ಟೆಯ ಜೊತೆ ಅದನ್ನೂ ದರ್ಜಿಯ ಕೈಗಿಟ್ಟು, "ಇದರ ಹಂಗ ಹೊಲೀರಿ" ಎಂದು ಹೇಳಿ ಬರುವುದು. ಮೈಗೆ ಟೇಪು ಸುತ್ತಿಸಿಕೊಳ್ಳುವ ಮುಜುಗರ ಇಲ್ಲ, ಅಂಕಿ ಬಾಯಲ್ಲಿ ಹೇಳುವ ಪ್ರಸಂಗ ಇಲ್ಲ. ನನ್ನದು ಮೂವತ್ತೆರಡು ವರ್ಷದ ಹಿಂದೆ ಬದಿಗೆ ತೆಗೆದದ್ದು. ಅಷ್ಟೂ ವರ್ಷ ಅದೇ ಅಳತೆಗೆ ಹೊಲಿಸಿದ ಜಂಪರು ನನಗೆ ಸರಿಯಾಗಿಯೇ ಕೂತವು. ಇದನ್ನು ನಾನು ಎಷ್ಟು ಜನರ ಮುಂದೆ ಎಷ್ಟು ಸಲ ಹೇಳಿದ್ದೇನೆ ಎಂಬುದನ್ನು ನೆನೆಸಿಕೊಂಡರೆ ಈಗ ಕಪಾಟಿನ ಬಾಗಿಲು ತೆಗೆಯುವುದಕ್ಕೂ ಸಂಕೋಚವಾಗುತ್ತದೆ.

ನಾನು ಕಮಲಾಪುರದಲ್ಲಿ ಹುಟ್ಟಿ, ಅಲ್ಲಿಯೇ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪೀಟಿ ಟೀಚರಾಗಿ ದುಡಿದವಳು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ನಾನು ಪೀಟಿ ಅಕ್ಕೋರು. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ನಿವೃತ್ತಳಾಗಿ ಕಲಬುರಗಿಯ ಖೂಬಾ ಪ್ಲಾಟಿಗೆ ಬಂದಮೇಲೂ ದಿನಚರಿ ಬದಲಾಗಲಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ಐವಾನ್-ಎ-ಶಾಹಿ ಕಡೆ ನಡಿಗೆ, ಏಳಕ್ಕೆ ನಾಷ್ಟಾ, ಹನ್ನೆರಡೂವರೆಗೆ ಎರಡು ರೊಟ್ಟಿ. ಮೂರನೆಯ ರೊಟ್ಟಿ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಅದು ಪಲ್ಯ ಉಳಿಯಬಾರದೆಂದು ತಿಂದದ್ದು.

"ನಮ್ಮ ಮನ್ಯಾಗ ಇರುವಿ ಸೈತ ಸಾಲು ತಪ್ಪಂಗಿಲ್ಲ. ತಪ್ಪಿದ್ರ ಈಕಿ ಸೀಟಿ ಹೊಡೀತಾಳ" ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ.

ಬೆಳಗಿನ ನಡಿಗೆಯಲ್ಲಿ ನನ್ನ ಜೊತೆ ಆರೇಳು ಮಂದಿ ಹೆಂಗಸರು ಬರುತ್ತಾರೆ. ಯಾರಾದರೂ "ಮೈ ಬಂತು, ಜಂಪರ್ ಎಲ್ಲಾ ಬಿಗಿ ಆದವು" ಎಂದರೆ ಸಾಕು, ನನ್ನ ಭಾಷಣ ಶುರು. "ಶಿಸ್ತು ಬೇಕ್ರೀ ಶಿಸ್ತು. ನನ್ನ ನೋಡ್ರಿ. ಮೂವತ್ತೆರಡು ವರ್ಷ ಆತು, ಒಂದೇ ಅಳತಿ. ಒಂದು ನೂಲು ಆಕಡೆ ಇಲ್ಲ, ಈಕಡೆ ಇಲ್ಲ." ಪಾಪ, ಅವರು ತಲೆಯಾಡಿಸುತ್ತಿದ್ದರು. ಈಗ ಯೋಚಿಸಿದರೆ, ಅವರಲ್ಲಿ ಇಬ್ಬರು ನಗು ತಡೆಯಲು ಸೆರಗು ಬಾಯಿಗೆ ಹಿಡಿಯುತ್ತಿದ್ದುದು ನೆನಪಾಗುತ್ತದೆ. ಆಗ ನಾನು ಅದನ್ನು ಧೂಳಿಗೆಂದು ತಿಳಿದಿದ್ದೆ.

ನನ್ನ ಜಂಪರುಗಳನ್ನೆಲ್ಲ ಹೊಲಿಯುತ್ತಿದ್ದವರು ಕಮಲಾಪುರದ ಲಾಡ್ಲೆಸಾಬ್. ಬಸ್‌ಸ್ಟ್ಯಾಂಡಿನ ಎದುರಿನ ಗಲ್ಲಿಯಲ್ಲಿ ಒಂದು ಮಷೀನು, ಒಂದು ಮಣೆ, ಒಂದು ಬೆಂಚು ಇರುವ ಅಂಗಡಿ. ಅವರಿಗಿಂತ ಮೊದಲು ಅಲ್ಲಿ ಅವರ ತಂದೆ ಕೂತಿರುತ್ತಿದ್ದರು. ನಾವು ಐದು ಮಕ್ಕಳು. ದೀಪಾವಳಿಗೆ ಅಪ್ಪ ಒಂದೇ ಥಾನಿನಿಂದ ಬಟ್ಟೆ ಹರಿಸಿ ತರುತ್ತಿದ್ದ. ನನಗೂ ತಂಗಿಯರಿಗೂ ಅದರದ್ದೇ ಫ್ರಾಕು, ತಮ್ಮನಿಗೆ ಅದರದ್ದೇ ಅಂಗಿ, ಉಳಿದದ್ದು ದಿಂಬಿನ ಚೀಲಕ್ಕೆ. ಹಬ್ಬದ ದಿನ ನಾವು ದಿಂಬಿನ ಪಕ್ಕ ಮಲಗಿದರೆ ಯಾರು ಮಕ್ಕಳು ಯಾವುದು ದಿಂಬು ತಿಳಿಯುತ್ತಿರಲಿಲ್ಲ. ಅವ್ವ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಬೆಳಿಯೋ ಕೂಸುಗಳಪ್ಪಾ, ನಾಕು ಬಟ್ಟು ದೊಡ್ಡದು ಹೊಲಿ" ಎನ್ನುತ್ತಿದ್ದಳು. ಆ ನಾಲ್ಕು ಬೆರಳಿನ ಅಗಲದೊಳಗೆ ನಾವು ಬೆಳೆದು ಮುಗಿಯುವ ಹೊತ್ತಿಗೆ ಫ್ರಾಕು ಹರಿದುಹೋಗಿರುತ್ತಿತ್ತು. ಹೀಗಾಗಿ ಬಾಲ್ಯದಲ್ಲಿ ನನಗೆ ಅಳತೆಗೆ ಸರಿಯಾದ ಬಟ್ಟೆ ಹೇಗಿರುತ್ತದೆ ಎಂಬುದೇ ಗೊತ್ತಿರಲಿಲ್ಲ. ಅದರ ಸೇಡನ್ನೇ ಆಮೇಲೆ ಅಳತೆ ಜಂಪರಿನಿಂದ ತೀರಿಸಿಕೊಂಡೆನೋ ಏನೋ.

ಲಾಡ್ಲೆಸಾಬ್ ನಮ್ಮ ಶಾಲೆಯ ಯೂನಿಫಾರಂ ಕೂಡ ಹೊಲಿಯುತ್ತಿದ್ದರು. ಪ್ರತಿ ಜೂನಿನಲ್ಲಿ ಅಳತೆಯ ದಿನ. ಅವರು ಗಂಡಸರು, ಹುಡುಗಿಯರ ಅಳತೆ ತಾವು ತೆಗೆಯುವಂತಿಲ್ಲ. ಆದ್ದರಿಂದ ಅವರು ಬೇವಿನ ಗಿಡದ ಕೆಳಗೆ ಅಳತೆ ಬರೆಯುವ ವಹಿ ಹಿಡಿದು, ನಮ್ಮ ಕಡೆಗೆ ಬೆನ್ನು ಮಾಡಿ ಕೂಡುತ್ತಿದ್ದರು. ಹುಡುಗಿಯರು ಸಾಲಾಗಿ ಬರುವರು. ನಾನು ಟೇಪು ಹಿಡಿದು, ಗ್ರೌಂಡಿನ ಆ ತುದಿಗೆ ಕೇಳುವಂತೆ ಒದರುವುದು: "ಎದಿ ಮೂವತ್ತೆರಡು! ಸೊಂಟ ಇಪ್ಪತ್ತೆಂಟು! ಮುಂದ!" ಒಂದು ತಾಸಿನಲ್ಲಿ ಇಡೀ ಶಾಲೆ ಮುಗಿಸಿಬಿಡುತ್ತಿದ್ದೆ. ಒಮ್ಮೆ ಲಾಡ್ಲೆಸಾಬ್ ತಲೆ ಎತ್ತದೆಯೇ, "ಅಕ್ಕೋರೆ, ಜರಾ ಮೆಲ್ಲಗ ಹೇಳಿದ್ರೂ ನನಗ ಕೇಳಸ್ತದ್ರಿ" ಎಂದಿದ್ದರು. "ಇದು ಕವಾಯತಿನ ದನಿ ಲಾಡ್ಲೆಸಾಬ್, ಇಳಿಯೂದಿಲ್ಲ" ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ.

ಇಷ್ಟೆಲ್ಲ ಹೇಳಿದ್ದು ಈ ವರ್ಷದ ಕತೆಗೆ ಪೀಠಿಕೆ. ಪೀಠಿಕೆ ಉದ್ದವಾಯಿತು, ಕ್ಷಮಿಸಿ. ಕಟ್ಟುನಿಟ್ಟಿನವರು ಮಾತಿಗೆ ಕೂತರೆ ಹೀಗೇ ಆಗುವುದು.

ಕಮಲಾಪುರದಲ್ಲಿರುವ ನನ್ನ ತಮ್ಮನಿಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ದಿನ ಗೊತ್ತಾಯಿತು. ತಮ್ಮನ ಹೆಂಡತಿ ಸುವರ್ಣ ಫೋನು ಮಾಡಿ, "ಅಕ್ಕಾ, ಮನಿಗೆ ಹಿರೀಕಿ ನೀವು. ಗುಂಡಪ್ಪನ್ನ ನೀವೇ ಎತ್ತಬೇಕು" ಎಂದಳು. ಗುಂಡಪ್ಪ ಎಂದರೆ ಮನುಷ್ಯನಲ್ಲ, ಅರೆಯುವ ಗುಂಡಕಲ್ಲು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಆ ಕಲ್ಲಿಗೆ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ, ತೊಟ್ಟಿಲ ಕೆಳಗಿನಿಂದ ಕೊಟ್ಟು ಮೇಲಿನಿಂದ ತೆಗೆದುಕೊಂಡು, ಹೀಗೆ ಐದು ಸುತ್ತು ದಾಟಿಸುತ್ತಾರೆ. ಕಲ್ಲಿನಷ್ಟು ಗಟ್ಟಿಯಾಗಿರಲಿ ಎಂಬ ಹಾರೈಕೆ. ಕಲ್ಲಿನ ಹಿಂದೆ ಕೂಸು. ನಮ್ಮ ಮನೆಯ ತೊಟ್ಟಿಲೋ ಎದೆಮಟ್ಟದ್ದು. ಅಂದರೆ ಬಗ್ಗಬೇಕು, ಏಳಬೇಕು, ಕಲ್ಲು ಹಿಡಿದು ಕೈ ತಲೆಯ ಮೇಲಕ್ಕೆ ಎತ್ತಬೇಕು, ಅದೂ ಐದು ಸಲ, ಊರ ಹೆಂಗಸರೆಲ್ಲ ನೋಡುತ್ತಿರುವಾಗ. ನಲವತ್ತು ವರ್ಷ ಅವರಿಗೂ ಅವರ ಮಕ್ಕಳಿಗೂ "ಕೈ ಮೇಲೆ!" ಎಂದು ಆಜ್ಞೆ ಮಾಡಿದವಳು ನಾನು. ಕೈ ಎತ್ತಲು ಬರುವ ಜಂಪರು ಬೇಕೇಬೇಕು. ಸುವರ್ಣ ಉಡಲು ಹಸಿರು ಇಳಕಲ್ ಸೀರೆ ಮೊದಲೇ ಕಳಿಸಿದ್ದಳು. ಹನ್ನೆರಡು ದಿನ ಇತ್ತು.

ಲಾಡ್ಲೆಸಾಬರಿಗೆ ಫೋನು ಮಾಡಿದೆ. "ಅಕ್ಕೋರೆ, ಕಣ್ಣಾಗ ಪೊರೆ ಬಂದಾದ್ರಿ. ಬರೋ ತಿಂಗಳ ಆಪರೇಷನ್. ಅಲ್ಲಿತನ ಮಷೀನು ಬಂದ್. ಶಹರದಾಗ ಇದ್ದೀರಲ್ಲ, ತಯಾರ್ ತಗೋರಿ. ಎಲ್ಲಾ ಸಿಗ್ತದಂತ" ಎಂದರು.

ಸರಿ, ಹೊಲಿದಿಟ್ಟ ತಯಾರು ಜಂಪರೇ ಕೊಂಡರಾಯಿತು. ಚೀಟಿ ಬರೆದುಕೊಂಡೆ: ಹಸಿರು; ಮೊಣಕೈತನಕ ತೋಳು; ಬೆನ್ನು ಮುಚ್ಚಿದ್ದು; ಮುಂದೆ ಹುಕ್ಕು; ಕೈ ಎತ್ತಲು ಬರಬೇಕು; ಅಳತೆ ಜಂಪರಿನಂತೆ ಮೂವತ್ತಾರು. ಸಮಯ: ಇಪ್ಪತ್ತು ನಿಮಿಷ. ಪೇಟೆಯ ನಾಲ್ಕು ಅಂತಸ್ತಿನ ಮಳಿಗೆಯೊಂದಕ್ಕೆ, ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಹೋದೆವು. ಯಜಮಾನರು ಕೆಳಗಿನ ಅಂತಸ್ತಿನಲ್ಲಿ ಬನಿಯನ್ ತೆಗೆದುಕೊಂಡರು. ಅಂಕಿ ಹೇಳಿದರು, ಡಬ್ಬಿ ಬಂತು, ಮುಗಿಯಿತು. "ನಾ ಹೊರಗ ಚಾ ಕುಡಕೋತ ಕುಂತಿರ್ತೀನಿ. ಇಪ್ಪತ್ತು ನಿಮಿಷ ಅಂದಿಯಲ್ಲ?" ಎಂದು ಹೋದರು. ಆ ದಿನ ಅವರು ಐದು ಚಹಾ ಕುಡಿದರು.

ಮೊದಲ ಅಂತಸ್ತಿನಲ್ಲಿ ಮಕ್ಕಳ ಬಟ್ಟೆ. ಕೂಸಿಗೊಂದು ಖಣದ ಕುಂಚಿಗೆ ಸಿಕ್ಕಿತು. ಹನ್ನೊಂದು ದಿನದ ಕೂಸಿಗೆ, ಆರು ತಿಂಗಳಿನದ್ದಕ್ಕೆ, ವರ್ಷದ್ದಕ್ಕೆ, ಹೀಗೆ ಪ್ರತಿ ಮೂರು ತಿಂಗಳಿಗೂ ಒಂದೊಂದು ಅಳತೆ. ಇನ್ನೂ ಕಣ್ಣು ಬಿಡದವರಿಗೆ ಇಷ್ಟು ಕಾಳಜಿ ಇದ್ದರೆ ಅರವತ್ತೇಳರ ನನಗೆ ಎಷ್ಟಿರಬಹುದು ಎಂದು ಉತ್ಸಾಹದಿಂದ ಮೇಲೆ ಹತ್ತಿದೆ.

"ಆಂಟಿ, ಸೈಜ್ ಎಷ್ಟ್ರಿ?" ಎಂದಳು ಅಲ್ಲಿದ್ದ ಹುಡುಗಿ.

"ಮೂವತ್ತಾರು."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾರಿಗ್ರಿ? ಮಗಳಿಗೇನ್ರಿ?"

"ನನಗ."

ಅವಳು ಮುಖ ಆಚೆ ತಿರುಗಿಸಿ ಒಂದು ರಾಶಿ ತಂದು ಹಾಕಿದಳು. ಒಂದಕ್ಕೆ ಬೆನ್ನಿನಲ್ಲಿ ಕಿಟಕಿ ಇತ್ತು. ಇನ್ನೊಂದಕ್ಕೆ ಬೆನ್ನೇ ಇರಲಿಲ್ಲ. ಬೆನ್ನು ಇರಬೇಕಾದಲ್ಲಿ ಎರಡು ದಾರ, ದಾರದ ತುದಿಗೆ ಕಾರಹುಣ್ಣಿಮೆಯ ಎತ್ತಿಗೆ ಕಟ್ಟುವಂಥ ಗೊಂಡೆ. ಮೂರನೆಯದಕ್ಕೆ ತೋಳು ಇಲ್ಲ.

"ತೋಳು ಎಲ್ಲದವ್ವಾ?"

"ಒಳಗ ಪಿನ್ನು ಚುಚ್ಚಿ ಇಟ್ಟಾರ ನೋಡ್ರಿ ಆಂಟಿ. ಬೇಕಂದ್ರ ಹೊರಗ ಹಚ್ಚಿಸ್ಕೋಬೇಕು."

"ತಯಾರ್ ಜಂಪರ್ ಅಂತೀರಿ, ತೋಳು ನಾನೇ ತಯಾರ್ ಮಾಡಬೇಕೇನು? ಹೋಗಲಿ, ಹುಕ್ಕು ಯಾಕ ಹಿಂದ ಅವ? ನಾ ಹೆಂಗ ಹಾಕ್ಕೋಬೇಕು?"

"ಅಂಕಲ್ ಹಾಕ್ತಾರಲ್ರಿ."

ಅಂಕಲ್! ತಲೆಯ ಮೇಲೆ ಏರಿಸಿಕೊಂಡ ಚಸ್ಮಾವನ್ನು ಮನೆಯೆಲ್ಲ ಹುಡುಕುವ ಮನುಷ್ಯ. ಬೆನ್ನಿನ ಏಳು ಹುಕ್ಕನ್ನು ಅವರ ಕೈಗೆ ಒಪ್ಪಿಸಿದರೆ ತೊಟ್ಟಿಲ ಕಾರ್ಯ ಮುಗಿದು ಕೂಸು ಶಾಲೆಗೆ ಹೋಗುವ ಹೊತ್ತಿಗೆ ನಾಲ್ಕನೆಯ ಹುಕ್ಕಿಗೆ ಬಂದಿರುತ್ತಿದ್ದರು.

ಕೊನೆಗೆ ಮುಂದೆ ಹುಕ್ಕಿರುವ, ಬೆನ್ನೂ ತೋಳೂ ಇರುವ ಒಂದು ಬಗೆ ಸಿಕ್ಕಿತು. ವಯಸ್ಸಾದವರಿಗೆಂದೇ ಮಾಡಿದ್ದಂತೆ. ಬಣ್ಣ ಮೂರೇ: ಬೂದಿ, ಮಣ್ಣು ಮತ್ತು ಆರಿದ ಚಹಾ. ಬಹಳ ಹುಡುಕಿದಮೇಲೆ ಹಸಿರೊಂದು ಹೊರಬಿತ್ತು. ಹಾಕಿ ನೋಡುವ ಕೋಣೆಗೆ ಹೋದೆ. ಅಲ್ಲಿ ಕೂಡಲು ಒಂದು ಸ್ಟೂಲು ಇರಲಿಲ್ಲ, ಸೀರೆ ಇಳಿಬಿಡಲು ಒಂದು ಗೂಟ ಸರಿಯಾಗಿರಲಿಲ್ಲ. ಕನ್ನಡಿ ಮಾತ್ರ ಮೂರು. ನನ್ನ ಬೆನ್ನನ್ನು ನಾನು ಮೊದಲ ಸಲ ನೋಡಿದ್ದು ಆಗ. ಯಾರೋ ದೂರದ ಸಂಬಂಧಿಯ ಬೆನ್ನಿನಂತಿತ್ತು.

ಮೂವತ್ತಾರು ಮೊಣಕೈ ದಾಟಲಿಲ್ಲ. ಮೂವತ್ತೆಂಟು ದಾಟಿತು, ಹುಕ್ಕು ಕೂಡಲಿಲ್ಲ. ನಲವತ್ತು, ಉಸಿರು ಹಿಡಿದರೆ ಕೂಡಿತು. ಇಷ್ಟಕ್ಕೆ ಸುಮ್ಮನೆ ಬರಬಹುದಿತ್ತು. ಆದರೆ ಚೀಟಿಯಲ್ಲಿ ಬರೆದಿತ್ತಲ್ಲ, ಕೈ ಎತ್ತಲು ಬರಬೇಕು ಎಂದು. ಕನ್ನಡಿಯ ಮುಂದೆ ಸಾವಧಾನದಲ್ಲಿ ನಿಂತೆ. ಒಂದು, ಕೈ ಮುಂದೆ. ಎರಡು, ಕೈ ಮೇಲೆ. ಎರಡಕ್ಕೆ ಬಗಲಲ್ಲಿ 'ಪರ್ರ್' ಎಂದಿತು. ಮೂರು ಕನ್ನಡಿಯೊಳಗಿನ ಮೂವರೂ ಕೈ ಎತ್ತಿಕೊಂಡು, ಪೊಲೀಸರಿಗೆ ಸಿಕ್ಕವರಂತೆ ನಿಂತಿದ್ದರು.

ಬಾಗಿಲು ಓರೆ ಮಾಡಿ ಹುಡುಗಿಯ ಕೈಗೆ ಹರಿದದ್ದನ್ನು ಕೊಟ್ಟೆ. ಅವಳಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಕೆಲಸ ಬೇಗ ಆಗಲೆಂದು ಆ ತುದಿಯಲ್ಲಿದ್ದ ಗೆಳತಿಗೆ ಒದರಿದಳು: "ಸುನೀತಾ! ಆಂಟಿಗೆ ನಲವತ್ನಾಕು ತಾ! ನಲವತ್ತು ಹರೀತು!"

ನಾನು ಬಾಗಿಲ ಹಿಂದೆ, ಸೆರಗು ಹೊದ್ದು, ಗೋಡೆಗೆ ಒತ್ತಿಕೊಂಡು ನಿಂತೆ. ಆಗ ನಾಗಮ್ಮ ನೆನಪಾದಳು. ಒಂಬತ್ತನೆಯ ಇಯತ್ತೆಯ ದಪ್ಪನೆಯ ಹುಡುಗಿ. ಅಳತೆಯ ದಿನ ಸಾಲಿನ ಕೊನೆಗೆ ಹೋಗಿ ಹೋಗಿ ನಿಲ್ಲುತ್ತಿದ್ದಳು. ನಾನು ಅದನ್ನು ಅಶಿಸ್ತು ಎಂದು ತಿಳಿದು, ರಟ್ಟೆ ಹಿಡಿದು ಮುಂದೆ ತಂದು, ಅವಳ ಅಂಕಿಯನ್ನು ಉಳಿದವರಿಗಿಂತ ಗಟ್ಟಿಯಾಗಿಯೇ ಒದರಿದ್ದೆ. ಅವಳು ಅಂದು ಹೇಗೆ ನಿಂತಿದ್ದಳೋ ಹಾಗೇ ನಾನು ನಿಂತಿದ್ದೆ, ಎರಡೂ ಕೈ ಎದೆಗೆ ಅಡ್ಡ ಕಟ್ಟಿಕೊಂಡು.

ಹರಿದದ್ದಕ್ಕೆ ದುಡ್ಡು ಕೊಟ್ಟು ಹೊರಗೆ ಬಂದೆ. "ಚಲೋ ಸಿಕ್ತೇನು?" ಎಂದರು ಯಜಮಾನರು. "ನಡೀರಿ" ಎಂದೆ.

ನಾಗಮ್ಮನ ನೆನಪು ಒಳ್ಳೆಯ ಬುದ್ಧಿ ಕೊಡಬೇಕಿತ್ತು. ಕೊಡಲಿಲ್ಲ. ಮರುದಿನ ಬೆಳಗಿನ ನಡಿಗೆಯಲ್ಲಿ ನಾನು ಹೊಸ ಸಿದ್ಧಾಂತ ಮಂಡಿಸಿದೆ: ಬಟ್ಟೆ ಉಳಿಸಲು ಕಂಪನಿಯವರು ಮೂವತ್ತಾರರ ಚೀಟಿಯನ್ನು ಮೂವತ್ತೆರಡಕ್ಕೆ ಅಂಟಿಸುತ್ತಾರೆ. ಹೆಂಗಸರು ಭಾಳ ಖುಷಿಯಾದರು. ಎಲ್ಲರ ಹೊಟ್ಟೆಯಲ್ಲೂ ಒಂದೊಂದು ಮಳಿಗೆಯ ಮೇಲಿನ ಸಿಟ್ಟು ಇತ್ತು. ಒಬ್ಬಾಕೆ, "ಗೊಂಬಿಗೆ ಹಾಕಿದ್ದು ನೋಡಿ ಆಸೆಪಟ್ಟೆ, ಹಿಂದ ಪಿನ್ನು ಚುಚ್ಚಿ ಬಿಗಿ ಮಾಡ್ಯಾರ್ರೀ. ನಮಗ್ಯಾರು ಪಿನ್ನು ಚುಚ್ಚವರು?" ಎಂದರು. ಇನ್ನೊಬ್ಬಾಕೆ, "ಒಂದು ಖುರ್ಚಿ ಇಡಂಗಿಲ್ರೀ. ಬಟ್ಟಿ ಕೊಳ್ಳೋರಿಗೆ ಮೊಣಕಾಲು ಇರಂಗಿಲ್ಲ ಅಂದ್ಕೊಂಡಾರ" ಎಂದರು. ಎಲ್ಲವೂ ಖರೆಯೇ. ಖರೆಯ ಮಾತುಗಳ ಮಧ್ಯದಲ್ಲಿ ನನ್ನ ಸುಳ್ಳು ಸಿದ್ಧಾಂತ ಆರಾಮಾಗಿ ನಡೆದುಹೋಯಿತು.

ಅವರಲ್ಲೇ ಒಬ್ಬರು ಅಶ್ವಿನಿಯ ಹೆಸರು ಹೇಳಿದರು. ಶರಣಬಸವೇಶ್ವರ ಗುಡಿಯ ಹತ್ತಿರ ಹೊಲಿಗೆ ಅಂಗಡಿ ಇಟ್ಟ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಸೀರೆಯ ಜೊತೆ ಬಂದ ಬಟ್ಟೆ, ದಿನಪತ್ರಿಕೆಯಲ್ಲಿ ಸುತ್ತಿದ ಅಳತೆ ಜಂಪರು, ಎರಡನ್ನೂ ಒಯ್ದು ಕೊಟ್ಟೆ. "ಇದರ ಹಂಗ. ಒಂದು ನೂಲು ಹೆಚ್ಚು ಕಡಿಮಿ ಆಗಬಾರ್ದು" ಎಂದೆ. ಅವಳು ಬಿಳಿಯ ಪಟ್ಟಿಯನ್ನು ಓದಿ, ನನ್ನನ್ನು ನೋಡಿ, "ಒಂದು ಸಲ ಟೇಪು ಹಿಡೀಲೇನ್ರಿ ಮೇಡಂ?" ಎಂದಳು.

"ಅಳತಿ ಕೊಟ್ಟೀನಲ್ಲ?"

"ಆತ್ರಿ" ಎಂದಳು.

ತೊಟ್ಟಿಲಿಗೆ ಎರಡು ದಿನ ಇರುವಾಗ ಜಂಪರು ಸಿದ್ಧವಾಯಿತು. ಅಲ್ಲಿಯೇ ಪರದೆಯ ಹಿಂದೆ ಹಾಕಿ ನೋಡಿದೆ. ಎರಡು ಅಂಚುಗಳ ನಡುವೆ ಒಂದು ಗೇಣು ಅಂತರ. ಒಂದು ಅಂಚು ಹುಮನಾಬಾದಿನಲ್ಲಿದ್ದರೆ ಇನ್ನೊಂದು ಶಹಾಬಾದಿನಲ್ಲಿತ್ತು. ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ಒದರಿದೆ: "ಏನ್ ಹೊಲದೀದಿ ಇದು? ಅಳತಿ ಕೊಟ್ರೂ ಹೊಲಿಯಾಕ ಬರಲಿಲ್ಲಂದ್ರ ಅಂಗಡಿ ಯಾಕ ಇಟ್ಟೀದಿ?"

ಅಂಗಡಿಯಲ್ಲಿ ಇನ್ನೂ ಮೂವರು ಹೆಂಗಸರಿದ್ದರು. ಅಶ್ವಿನಿ ಹೊಸ ಜಂಪರನ್ನು ಮಣೆಯ ಮೇಲೆ ಹಾಸಿದಳು. ಅದರ ಮೇಲೆ ಅಳತೆ ಜಂಪರನ್ನು ಹಾಸಿದಳು. ಭುಜಕ್ಕೆ ಭುಜ, ಬಗಲಿಗೆ ಬಗಲು, ಅಂಚಿಗೆ ಅಂಚು. ಒಂದು ನೂಲು ಹೆಚ್ಚು ಕಡಿಮೆ ಇರಲಿಲ್ಲ.

ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಉಳಿದವರಿಗೆ ಕೇಳದಂತೆ ಹೇಳಿದಳು: "ಮೇಡಂ, ಈ ಹಳೇದನ್ನ ನೀವು ಯಾವಾಗರ ಹಾಕ್ಕೊಂಡು ನೋಡೀರೇನ್ರಿ?"

ನಾನು ಪಟ್ಟಿಯನ್ನು ನೋಡಿದೆ. ಹಾಕಿಕೊಳ್ಳತಕ್ಕದ್ದಲ್ಲ.

"ಒಳಗ ಬಟ್ಟಿ ಬಿಟ್ಟೀನ್ರಿ, ಬಿಚ್ಚಿ ದೊಡ್ಡದು ಮಾಡ್ಲೇನು?" ಎಂದಳು. ಒದರಿದ ಬಾಯಿಂದ ಹೂಂ ಎನ್ನಲು ಆಗಲಿಲ್ಲ. ಬ್ಯಾಡ ಎಂದು ಎರಡನ್ನೂ ಸುತ್ತಿಕೊಂಡು ಬಂದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮೂವತ್ತೆರಡು ವರ್ಷದ ನಿಯಮ ಮುರಿದು, ಅಳತೆ ಜಂಪರಿನಲ್ಲಿ ಒಂದು ಕೈ ತೂರಿಸಿದೆ. ಎರಡನೆಯದರ ಮಾತೇ ಬರಲಿಲ್ಲ.

ಹಾಗಾದರೆ ಈ ಮೂವತ್ತೆರಡು ವರ್ಷ ನನ್ನ ಮೈಮೇಲೆ ಸರಿಯಾಗಿ ಕೂತದ್ದು ಏನು? ಕಳೆದ ದೀಪಾವಳಿಗೆ ಲಾಡ್ಲೆಸಾಬ್ ಹೊಲಿದ ಕೆಂಪು ಜಂಪರು ತೆಗೆದು ಅಳತೆಯದರ ಮೇಲೆ ಹಾಸಿದೆ. ಹಳೆಯದು ಅದರೊಳಗೆ ಮಲಗಿ ಹೊರಳಾಡುವಷ್ಟು ಜಾಗವಿತ್ತು.

ತೊಟ್ಟಿಲಿನ ಹಿಂದಿನ ದಿನ ಬೆಳಗಿನ ಮೊದಲ ಬಸ್ಸಿಗೆ ಒಬ್ಬಳೇ ಕಮಲಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯವರು ಕೆಂಪು ಬಾಳೆಹಣ್ಣು ಹೊಂದಿಸುತ್ತಿದ್ದರು. ಎಂದಿನಂತೆ ತಮ್ಮನ ಮನೆಯ ದಾರಿ ಹಿಡಿಯದೆ ನೇರ ಗಲ್ಲಿಗೆ ನಡೆದೆ. ಲಾಡ್ಲೆಸಾಬ್ ಮುಚ್ಚಿದ ಮಷೀನಿನ ಮುಂದೆ, ಬೆಂಚಿನ ಮೇಲೆ, ಕಣ್ಣು ಕಿರಿದು ಮಾಡಿ ಕೂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ, "ಬರ್ರಿ ಅಕ್ಕೋರೆ, ಕೂಡ್ರಿ" ಎಂದರು.

ನಾನು ಮೂರು ಜಂಪರುಗಳನ್ನೂ ಅವರ ತೊಡೆಯ ಮೇಲಿಟ್ಟೆ. ಅವರು ಒಂದೊಂದನ್ನೇ ಬೆರಳಿನಿಂದ ಸವರಿದರು. ಹಳೆಯದರ ಪಟ್ಟಿಗೆ ಬೆರಳು ತಾಗಿದಾಗ ಅವರ ಮೀಸೆ ಸ್ವಲ್ಪ ಅಲುಗಿತು.

"ಯಾವಾಗಿಂದ ನಡದಾದ ಇದು?" ಎಂದೆ.

"ಮೊದಲಿಂದನ್ರಿ. ಪ್ರತಿ ಸಲ ಜರಾ ಜರಾ."

"ನನಗ್ಯಾಕ ಹೇಳಲಿಲ್ಲ?"

"ನೀವು ಯಾವಾಗ ಕೇಳಿದ್ರಿ ಅಕ್ಕೋರೆ? ನೀವು ಬರೇ ಹೇಳಿದ್ರಿ."

"ಟೇಪು ಹಿಡೀಲಾರದ ನಿಮಗ ಗೊತ್ತರ ಹೆಂಗ ಆತು?"

"ಗಲ್ಲಿ ತುದಿಯಿಂದ ಅಂಗಡಿತನ ನಡಕೊಂತ ಬರ್ತೀರಲ್ಲ, ಅಷ್ಟು ಸಾಕ್ರಿ ದರ್ಜಿಗೆ. ಉಗಾದಿಗೆ ಒಮ್ಮೆ ನೋಡ್ತಿದ್ದೆ, ದೀಪಾವಳಿಗೆ ಒಮ್ಮೆ."

"ಹಂಗಾದ್ರ ಈ ಅಳತಿ ಜಂಪರ್ ಯಾಕ ಇಟಗೊಂತಿದ್ರಿ, ಸುಮ್ಮನ ನನ್ನ ಮರ್ಯಾದಿಗೇನು?"

"ತೋಳಿನ ಉದ್ದಕ್ರಿ" ಎಂದರು ಲಾಡ್ಲೆಸಾಬ್, ಬಹಳ ಗಂಭೀರವಾಗಿ. "ತೋಳು ಉದ್ದ ಬೆಳೆಯಂಗಿಲ್ಲಲ್ರಿ."

ನನಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಯಾವುದು ಮೊದಲು ಬಂತೋ ಹೇಳಲಾರೆ. ಅವರೇ ಮುಂದುವರಿಸಿದರು: "ನಮ್ಮ ಅಬ್ಬಾ ಹೇಳ್ತಿದ್ರು, ಕೂಸುಗಳಿಗೂ ಮುದುಕ್ರಿಗೂ ಬಟ್ಟಿ ಜರಾ ಬಿಟ್ಟೇ ಹೊಲೀಬೇಕಂತ. ಬೆಳೀತೀವಂತ ಕೂಸಿಗೆ ಗೊತ್ತಿರಂಗಿಲ್ಲ. ಮುದುಕ್ರು ಒಪ್ಪಂಗಿಲ್ಲ."

"ನಾಳೆ ಕಲ್ಲು ಎತ್ತಬೇಕು ಲಾಡ್ಲೆಸಾಬ್" ಎಂದೆ. ಅಷ್ಟೇ ಹೇಳಿದೆ. ಅವರು ಅಶ್ವಿನಿಯ ಜಂಪರನ್ನು ತಿರುವಿ, ಒಳಗೆ ಬಿಟ್ಟ ಬಟ್ಟೆಯನ್ನು ಹೆಬ್ಬೆರಳಿನಿಂದ ಅಳೆದರು. "ಹೊಲದಾಕಿ ಚಲೋ ಅದಾಳ್ರಿ. ಬಟ್ಟಿ ಭಾಳ ಬಿಟ್ಟಾಳ. ನಿಮ್ಮನ್ನ ನೋಡಿದ ಕೂಡಲೇ ಆಕಿಗೂ ಗೊತ್ತಾಗ್ಯಾದ" ಎಂದು ಮಷೀನಿನ ಮೇಲಿನ ಬಟ್ಟೆ ಸರಿಸಿದರು. "ಸೂಜಿ ನೀವು ಪೋಣಿಸ್ರಿ. ಹೊಲಿಗಿ ನೀವು ಬಿಚ್ಚರಿ. ತುಳಿಯೂದು ನಂದು, ಕೈಗೆ ದಾರಿ ಗೊತ್ತದ. ಟೇಪಿನ ಅಂಕಿ ಮಾತ್ರ ನನಗ ಕಾಣಂಗಿಲ್ಲ. ಒಳಗ ಹೋಗಿ ಅಳತಿ ನೀವೇ ತಗೊಂಡು ಬಂದು ಹೇಳ್ರಿ."

ಒಳಗಿನ ಕೋಣೆಯಲ್ಲಿ ಅವರ ಹೆಂಡತಿ ಟೇಪಿನ ಒಂದು ತುದಿ ಹಿಡಿದರು. ಅಂಕಿ ಓದಿದೆ. ಹೊರಗೆ ಬಂದೆ. ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಆದರೂ ಬಗ್ಗಿ, ಅವರ ಕಿವಿಯ ಹತ್ತಿರ, ನನಗೇ ಕೇಳದಷ್ಟು ಮೆಲ್ಲಗೆ ಹೇಳಿದೆ.

ಲಾಡ್ಲೆಸಾಬ್ ತಲೆಯಾಡಿಸಿದರು. "ಈ ದನಿನೂ ಇತ್ತೇನ್ರಿ ನಿಮ್ಮ ಬಲ್ಲಿ?" ಎಂದರು.

ಆ ಅಂಕಿ ಎಷ್ಟು ಎಂದು ನೀವು ಕೇಳಬಾರದು. ನಾಗಮ್ಮ ಎಲ್ಲಿದ್ದಾಳೋ, ಅವಳು ಬಂದು ಕೇಳಿದರೆ ಹೇಳುತ್ತೇನೆ. ಬೇಕೆಂದರೆ ಗ್ರೌಂಡಿನಲ್ಲಿ ನಿಂತು ಒದರಿಯೂ ಹೇಳುತ್ತೇನೆ.

ಮರುದಿನ ಗುಂಡಪ್ಪನಿಗೆ ಕುಂಚಿಗೆ ಕಟ್ಟಿ ನನ್ನ ಕೈಗೆ ಕೊಟ್ಟರು. ಮನೆ ತುಂಬ ಹೆಂಗಸರು, ಅರ್ಧದಷ್ಟು ನನ್ನ ಹಳೆಯ ವಿದ್ಯಾರ್ಥಿನಿಯರು. ಬಗ್ಗಿದೆ, ಎದ್ದೆ, ಕಲ್ಲನ್ನು ತಲೆಯ ಮೇಲಕ್ಕೆ ಎತ್ತಿದೆ. ಕಿವಿಯೆಲ್ಲ ಬಗಲಲ್ಲಿತ್ತು. 'ಪರ್ರ್' ಎನ್ನಲಿಲ್ಲ. ಐದು ಸುತ್ತೂ ಎನ್ನಲಿಲ್ಲ. ಕಲ್ಲಿನ ಹಿಂದೆ ಕೂಸು ಬಂತು. ಹತ್ತಿಯಷ್ಟು ಹಗುರ. ಅದಕ್ಕೆ ನಾನು ತಂದ ಕುಂಚಿಗೆ ಎರಡು ಬೆರಳು ದೊಡ್ಡದಾಗಿತ್ತು. "ಇರಲಿ ಬಿಡ್ರಿ ಅಕ್ಕಾ, ಬೆಳಿಯೋ ಕೂಸು" ಎಂದಳು ಸುವರ್ಣ.

ಕಲಬುರಗಿಗೆ ಬಂದಮೇಲೆ ಅಶ್ವಿನಿಯ ಅಂಗಡಿಗೆ ಹೋಗಿ, ಅಂದು ಇದ್ದಷ್ಟೇ ಗಿರಾಕಿಗಳು ಇರುವ ಹೊತ್ತು ನೋಡಿ, ತಪ್ಪು ನನ್ನದೇ ಎಂದು ಹೇಳಿ ಬಂದೆ. ಬೆಳಗಿನ ನಡಿಗೆಯವರಿಗೆ ಇನ್ನೂ ಹೇಳಿಲ್ಲ. ಅವರು ಈ ಬರಹ ಓದಲಿ ಎಂಬುದು ನನ್ನ ಹೇಡಿತನದ ಉಪಾಯ. ಮಳಿಗೆಯವರನ್ನು ಮಾತ್ರ ನಾನು ಬಿಟ್ಟಿಲ್ಲ. ತಪ್ಪು ಅಂಕಿ ನನ್ನದೇ ಇರಬಹುದು, ತೋಳಿಲ್ಲದ ಜಂಪರು, ಸ್ಟೂಲಿಲ್ಲದ ಕೋಣೆ ಅವರದ್ದೇ.

ಊರಿನಿಂದ ಹೊರಡುವ ದಿನ ತೊಟ್ಟಿಲಿನ ಗುಗ್ಗರಿ, ಉಂಡಿ ಕೊಡಲು ಲಾಡ್ಲೆಸಾಬರ ಅಂಗಡಿಗೆ ಹೋಗಿದ್ದೆ. "ಇನ್ನು ಮುಂದ ಈ ಹಸಿರು ಜಂಪರೇ ಅಳತಿಗೆ ಇಡ್ತೀನಿ" ಎಂದೆ.

"ಇಡ್ರಿ. ಆದ್ರ ದೀಪಾವಳಿತನ ಅಷ್ಟೇ ನಂಬ್ರಿ. ಆಮ್ಯಾಲ ಮತ್ತ ಒಮ್ಮೆ ನಡಕೊಂತ ಬರ್ರಿ."

"ನಡಕೊಂತ ಬಂದು ಏನು ಮಾಡೂದು? ಕಣ್ಣು ಕಾಣಂಗಿಲ್ಲಂತೀರಿ. ಅವತ್ತು ನಾ ಬಂದದ್ದು ಹೆಂಗ ಗೊತ್ತಾತು ನಿಮಗ?"

"ಹೆಜ್ಜಿ ಸಪ್ಪಳ ಕೇಳಸ್ತಲ್ರಿ" ಎಂದರು ಲಾಡ್ಲೆಸಾಬ್, ಉಂಡಿ ಮುರಿ‍ಯುತ್ತ. "ಹ್ವಾದ ದೀಪಾವಳಿಗಿಂತ ಅರ್ಧ ಇಂಚು ಭಾರ ಆಗ್ಯಾದ."